ತೃಪ್ತಿಕರ

ಅಂಗೈಯಗಲದ ಪೆಟ್ಟಿಗೆ, ಅದಕ್ಕೆರಡು ಹಿತ್ತಾಳೆ ಬಾಯಿ.
ಶಿವಮೊಗ್ಗದಿಂದ ಹೊಸನಗರದ ಬಸ್ಸಿನಲ್ಲಿ
ಕಂಡಕ್ಟರ್ ಕೇಳಿದ, "ಶುಗರ್ ನೋಡೋದಾ ಮೇಡಂ?"
ಹೂಂ ಅಂದೆ.
ಗುಡ್ಡಕ್ಕೆ ಶುಗರ್ ಇದೆ ಅಂತ ಅನುಮಾನ.

ಹೆಗಲುಗುಡ್ಡದ ನೆತ್ತಿಯಲ್ಲಿ ಅರಣ್ಯ ಇಲಾಖೆಯ ವೈರ್‌ಲೆಸ್ ಕಂಬ.
ಮಾರ್ಚ್ ತಿಂಗಳು. ಹುಲ್ಲು ಒಣಗಿ ಕಿಡಿಗೆ ಕಾದು ಕೂತಿದೆ.
ಕಾವಲಿನ ಚೌಡನಾಯ್ಕ ನೀರಿನ ಕ್ಯಾನು ಕೆಳಗಿಟ್ಟ.
"ಹೋದ ವರ್ಷ ಹನ್ನೊಂದು ಸಲ ಕರೆದೆ ಮೇಡಂ,
ಆಮೇಲೆ ಓಡಿದೆ."
ಎಲ್ಲಿಗೆ ಅಂತ ನಾನು ಕೇಳಲಿಲ್ಲ.
ಅವನ ಎಡಗೈಯ ಎರಡು ಬೆರಳು ಒಂದಕ್ಕೊಂದು ಅಂಟಿದ್ದವು.

ತಗಡಿನ ಕೋಣೆಯೊಳಗೆ ಮೊಳೆಗೆ ನೇತುಹಾಕಿದ ರಿಜಿಸ್ಟರು.
ಆರು ತಿಂಗಳಿಗೊಂದು ಸಾಲು:
ಎಸ್‌ಡಬ್ಲ್ಯೂಆರ್ 1.3, ತೃಪ್ತಿಕರ.
1.3, ತೃಪ್ತಿಕರ.
ಮತ್ತೆ ಅದೇ, ಮತ್ತೆ ಅದೇ.
ಕೊನೆಯ ಎರಡು ಸಹಿ ನನ್ನವೇ.

ಅಳೆಯುವ ಮೊದಲು ಪೆಟ್ಟಿಗೆಗೆ ಮೂರು ಪಾಠ ಹೇಳಿಕೊಡಬೇಕು:
ಬಾಯಿ ತೆರೆದಿಟ್ಟರೆ ಹೀಗೆ,
ಒಳಗೂ ಹೊರಗೂ ತಾಗಿಬಿಟ್ಟರೆ ಹೀಗೆ,
ಐವತ್ತು ಓಮಿನ ಮುಚ್ಚಳ ಹಾಕಿದರೆ ಹೀಗೆ.
ನೆಹರೂ ರಸ್ತೆಯ ಮಹಡಿ ಅಂಗಡಿಯಲ್ಲಿ ಖಾದರ್‌ಮಿಯಾ
ಇದ್ಯಾವುದೂ ಇಲ್ಲದೆ ಆಂಟೆನಾದ ಪಕ್ಕ
ಬರಿಯ ಟ್ಯೂಬ್‌ಲೈಟ್ ಹಿಡಿಯುತ್ತಿದ್ದರು.
ಬೆಳಗಿದರೆ ಹೊರಟಿದೆ ಅಂತ ಲೆಕ್ಕ.
"ವಾಪಸು ಬರಲಿಲ್ಲ ಅಂದರೆ ಮುಟ್ಟಿತು ಅಂತಲ್ಲ ಬೇಟಿ,
ದಾರಿಯಲ್ಲಿ ಯಾರೋ ತಿಂದಿರಬಹುದು."
ನನಗಾಗ ಹತ್ತೊಂಬತ್ತು.
ಮನಿಯಾರ್ಡರಿನ ಮಾತು ಅಂದುಕೊಂಡಿದ್ದೆ.

ಕೇಬಲ್ಲಿನ ಬುಡಕ್ಕೆ ಪೆಟ್ಟಿಗೆ ಸಿಕ್ಕಿಸಿದೆ.
ಪರದೆಯ ಮೇಲೆ ಹಳದಿ ಗೆರೆ ಜಾರಿ, ತಗ್ಗು ಹಿಡಿದು ಮಲಗಿತು. 1.3.
ಅಷ್ಟು ಸಾಕಿತ್ತು. ಮೂರು ಗಂಟೆಗೆ ಬಸ್ಸಿತ್ತು.
ಆದರೂ ಆ ಎರಡು ಬೆರಳಿನ ಕೈಗೆ ಪೆಟ್ಟಿಗೆ ಕೊಟ್ಟು
ಅಂಕಿ ಬದಲಾದರೆ ಕೂಗು ಅಂತ ಹೇಳಿ
ಕಂಬ ಹತ್ತಿದೆ.
ತುದಿಯಲ್ಲಿ ಸ್ಪ್ಯಾನರ್ ಹಾಕಿ ತಿರುವಿದೆ, ಬಿಚ್ಚಿದೆ.
ಈಗ ಕೇಬಲ್ಲಿನ ಕೊನೆಗೆ ಆಂಟೆನಾ ಇಲ್ಲ, ಬರೀ ಗಾಳಿ.

"ಎಷ್ಟು?"
"ಒಂದು ಪಾಯಿಂಟ್ ಮೂರು!"
"ಸರಿಯಾಗಿ ನೋಡು!"
"ಅದೇ ಇದೆ ಮೇಡಂ. ತೃಪ್ತಿಕರ!"

ಗೇಲಿ ಮಾಡಿದನೋ, ಓದಿ ಬಾಯಿಪಾಠವಾದದ್ದನ್ನು ಹೇಳಿದನೋ,
ಮೇಲಿನಿಂದ ಮುಖ ಕಾಣಲಿಲ್ಲ.
ಕಂಡದ್ದು ಪಡುವಣ ಇಳಿಜಾರು,
ಹೋದ ವರ್ಷ ಸುಟ್ಟಷ್ಟು ಜಾಗದಲ್ಲಿ
ಇನ್ನೂ ನಿಂತ ಕರಿ ಮೋಟುಗಳು.

ಇಳಿದು ಕೇಬಲ್ ಕೊಯ್ದೆ. ತೊಗಲಿನೊಳಗೆ
ತಾಮ್ರದ ಹೆಣಿಗೆ ಕಿಲುಬುಗಟ್ಟಿ ಪುಡಿಯಾಗಿತ್ತು.
ಉರಿಬಿಸಿಲಿನಲ್ಲಿ ಎರಡು ಹನಿ ನೀರು ಶೂ ಮೇಲೆ ಬಿತ್ತು,
ಯಾವ ವರ್ಷದ ಮಳೆಯೋ.
ಇಪ್ಪತ್ತೈದು ವಾಟಿನ ಕೂಗಿನಲ್ಲಿ ಮೂರು ವಾಟು ಮೇಲಕ್ಕೆ.
ಉಳಿದದ್ದನ್ನು ಈ ನಲವತ್ತು ಮೀಟರು ನುಂಗಿ,
ಮರಳಿ ಬಂದ ಪ್ರತಿಧ್ವನಿಯನ್ನೂ ನುಂಗಿ,
ಬಾಯಿ ಒರೆಸಿಕೊಂಡು ನನ್ನೆದುರು
ಸಭ್ಯವಾಗಿ ನಿಂತಿತ್ತು.
ತಿರುಗಿ ಮಾತಾಡದವರನ್ನೆಲ್ಲ ಒಪ್ಪಿದವರೆಂದು
ಸಹಿ ಹಾಕಿದ ರಿಜಿಸ್ಟರುಗಳು ನನ್ನ ಹತ್ತಿರ ಬೇರೆಯೂ ಇವೆ.

ಹೊಸ ಕೇಬಲ್ ಎಳೆದು ಮುಗಿಸುವ ಹೊತ್ತಿಗೆ ಬಸ್ಸು ಹೋಗಿತ್ತು.
ಅಂಕಿ 1.8.
ಕೆಟ್ಟಿದೆ. ಅಂದರೆ, ಸರಿಹೋಗಿದೆ.
ಆಂಟೆನಾದ ಸೊಟ್ಟ ಈಗ ಸೊಟ್ಟವಾಗಿಯೇ ಕೆಳಗೆ ಬರುತ್ತದೆ.

ಚೌಡನಾಯ್ಕ ಮೈಕು ಒತ್ತಿ ಹಿಡಿದ.
ಏನು ಹೇಳಬೇಕೋ ತೋಚಲಿಲ್ಲ.
"ಹನ್ನೆರಡನೇ ಸಲ," ಅಂದ.
ಶಿವಮೊಗ್ಗದಿಂದ ಯಾರೋ ಹುಡುಗಿ:
"ಏನು? ಇನ್ನೊಮ್ಮೆ ಹೇಳಿ. ಚೆನ್ನಾಗಿ ಕೇಳಿಸ್ತಿದೆ."
ಅವನು ಹೇಳಲಿಲ್ಲ.

1.8 ಅಂತ ಬರೆದು ಷರಾ ಖಾಲಿ ಬಿಟ್ಟೆ.
ರಿಜಿಸ್ಟರಿನ ದಾರಕ್ಕೆ
ಹಳೆಯ ಕೇಬಲ್ಲಿನ ಒಂದು ಗೇಣು ಕಟ್ಟಿದೆ.
ಇನ್ನೂ ತೊಟ್ಟಿಕ್ಕುತ್ತಿತ್ತು.